ಕಮಿಷನ್ ಇಲ್ಲದ ಅಡತ್ಯಾ

ಬಸವಕಲ್ಯಾಣ
೧೨ ಜೂನ್ ೧೯೭೮

ಚಿ. ಕಸ್ತೂರಿಗೆ ಅಪ್ಪನ ಶರಣು, ಜೊತೆಗೆ ಆಶೀರ್ವಾದ.

ಮೈ ಡಿಯರ್ ಡಾಟರ್ ಎಂದು ಇಂಗ್ಲಿಷಿನಲ್ಲೇ ಶುರು ಮಾಡಬೇಕೆಂದು ಪೆನ್ನು ಎತ್ತಿದೆ. ಮುಂದೆ ಹೋಗಲಿಲ್ಲ. ಹೈದರಾಬಾದಿನಲ್ಲಿ ಇಂಟರ್ ಓದುವಾಗ ಪತ್ರ ಬರೆಯುವ ಪಾಠ ಇತ್ತು, ‘ಐ ಯಾಮ್ ಕ್ವೈಟ್ ವೆಲ್ ಅಂಡ್ ಹೋಪ್’ ಎಂದು. ಹೋಪ್ ತನಕ ನೆನಪಿದೆ. ಏನನ್ನು ಹೋಪ್ ಮಾಡಬೇಕು ಎಂಬುದು ಮರೆತುಹೋಗಿದೆ.

ನಾನು ಕೇಳಿದ್ದು ಒಂದು, ನೀನು ಬರೆದದ್ದು ಇನ್ನೊಂದು. ದೀಪಾವಳಿ ಆದ ಮೇಲೆ ನಿನಗೆ ರಜೆ ಯಾವಾಗ, ನಿನ್ನ ಮದುವೆಗೆ ಮುಹೂರ್ತ ನೋಡಿಸಬೇಕು ಎಂದು ಕೇಳಿದ್ದೆ. ನೀನು ಹಾಳೆ ಮೇಲೆ ಹಾಳೆ ನಿನ್ನ ಲ್ಯಾಬಿನ ಕೈನೇಸ್ ಎಂಬುದರ ಬಗ್ಗೆ ಬರೆದು, ಕೊನೆಗೆ ‘ನೀವು ಹೇಗಿದ್ದೀರಿ’ ಎಂದು ಮುಗಿಸಿದ್ದೀ. ಸಿಟ್ಟು ಬರಬೇಕಿತ್ತು. ಆದರೆ ಅಂಗಡಿಯಲ್ಲಿ ಬೆಲ್ಲದ ಪೆಂಟೆಗಳ ನಡುವೆ ಕೂತು ಓದಿದೆ, ಮತ್ತೆ ಓದಿದೆ. ಹಮಾಲ ಲಾಲಪ್ಪ ಕೇಳಿದ, ‘ಯಾರ ಪತ್ರರಿ ಸಾವುಕಾರ್ರ, ಊಟಾನೂ ಮರತೀರಿ?’ ‘ಕಸ್ತೂರಿದು. ಮೈಯಾಗಿನ ಅಡತಿ ಅಂಗಡಿ ಬಗ್ಗೆ ಬರದಾಳ’ ಅಂದೆ. ‘ಮೈಯಾಗೂ ಅಡತಿ ಅದ ಏನ್ರಿ? ಹಂಗಾದ್ರ ಹಮಾಲಿನೂ ಇರಬೇಕು’ ಅಂದ.

ನನಗೆ ತಿಳಿದದ್ದು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಫಾಸ್ಫೇಟ್ ಎಂದರೆ ನನಗೆ ಸೊಸೈಟಿಯ ಗೊಬ್ಬರದ ಚೀಲ ಅಷ್ಟೇ ಗೊತ್ತಿತ್ತು. ಅದೇ ಫಾಸ್ಫೇಟ್ ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಇದೆಯಂತೆ. ಎಟಿಪಿ ಎಂಬುದು ಅದನ್ನು ಹೊತ್ತು ತಿರುಗುತ್ತದೆ. ಕೈನೇಸ್ ಅದರಿಂದ ಒಂದನ್ನು ಇಳಿಸಿ ಇನ್ನೊಂದರ ತಲೆಗೆ ಹೊರಿಸುತ್ತದೆ. ಸಕ್ಕರೆಗೆ ಹೊರಿಸಿದರೆ, ಒಳಗೆ ಬಂದ ಸಕ್ಕರೆ ಮತ್ತೆ ಹೊರಗೆ ಹೋಗಲಾರದು. ನಮ್ಮ ಗಂಜ್ ಮಾರುಕಟ್ಟೆಯಲ್ಲಿ ಒಬ್ಬರ ಠಸ್ಸೆ, ಅಂದರೆ ಮುದ್ರೆ, ಬಿದ್ದ ಪೆಂಟೆ ಬೇರೆಯವರ ಬಂಡಿ ಏರುವುದಿಲ್ಲವಲ್ಲ, ಹಾಗೆ. ಇಷ್ಟೆಲ್ಲ ಮಾಡಿ ಕೈನೇಸ್ ತಾನು ಮೊದಲಿದ್ದ ಹಾಗೇ ಉಳಿದು ಮುಂದಿನದಕ್ಕೆ ಕೈ ಚಾಚುತ್ತದೆ. ಒಬ್ಬರ ಕೈಯಿಂದ ತೆಗೆದುಕೊಂಡು ಇನ್ನೊಬ್ಬರ ಕೈಗೆ ಕೊಡುವುದೇ ಅಡತ್ಯಾನಾದ ನನ್ನ ಕಸುಬು ಕೂಡ. ಆದರೆ ನಾನು ಕಮಿಷನ್ ತಗೊಳ್ಳುತ್ತೇನೆ. ಅದು ಏನೂ ಇಟ್ಟುಕೊಳ್ಳುವುದಿಲ್ಲ! ಶರಣರ ಊರಿನಲ್ಲಿ ಹುಟ್ಟಿ ದಾಸೋಹದ ಮಾತು ಕೇಳುತ್ತಲೇ ಬೆಳೆದವನು ನಾನು. ಇಂಥ ದಾಸೋಹಿ ನನ್ನ ಮೈಯೊಳಗೇ ಇದ್ದಾನೆಂದು ಯಾರೂ ಹೇಳಿರಲಿಲ್ಲ.

ಈಗ ಮುಹೂರ್ತ. ನಿನ್ನ ಅವ್ವ ಸಾಯುವ ಮುಂದೆ ಆಸ್ಪತ್ರೆಯ ಮಂಚದ ಮೇಲೆ ತನ್ನ ಸಣ್ಣ ತಮ್ಮ ವೈಜಿನಾಥನ ಕೈ ಹಿಡಿದು ಹೇಳಿದ ಮಾತು ನಿನಗೂ ಗೊತ್ತು. ತಾಯಿಯಿಲ್ಲದ ತಮ್ಮಂದಿರನ್ನು ಅವಳೇ ಬೆಳೆಸಿದವಳು. ದೊಡ್ಡ ತಮ್ಮ ಮಹಾರುದ್ರಪ್ಪನಿಗೆ ನಿನ್ನ ಅಕ್ಕ ಶಕುಂತಲಾನ್ನ ಕೊಟ್ಟೆವು. ‘ಕಸ್ತೂರೀನೂ ನನ್ನ ತವರಿಗೇ ಹೋಗಲಿ’ ಅಂದಳು. ನಾನು ಹೂಂ ಅಂದೆ. ನೀನು ನೀರಿನ ಗ್ಲಾಸು ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಹುಮನಾಬಾದಿನಲ್ಲಿ ಶಕುಂತಲಾನ ಮಗಳು ಸಣ್ಣ ಭಾಗಮ್ಮನಿಗೆ ಮತ್ತೆ ಕಾಮಣಿ ಆಗಿದೆ, ಕಣ್ಣೆಲ್ಲ ಹಳದಿ. ಅಜ್ಜಿಯ ಹೆಸರು ಇಟ್ಟದ್ದಕ್ಕೋ ಏನೋ ಅಜ್ಜಿಯ ಹಟ ಬಂದಿದೆ, ಆರು ವರ್ಷದ ಮೈ ಮಾತ್ರ ಬಂದಿಲ್ಲ. ಶಕುಂತಲಾ ಅಮಾಸಿಗೊಮ್ಮೆ ಕೊಡಂಬಲದ ನಾಟಿ ವೈದ್ಯನ ಹತ್ತಿರ ಒಯ್ದು ಮೂಗಿಗೆ ಔಷಧ ಹಾಕಿಸುತ್ತಾಳೆ. ತುಪ್ಪ, ಅರಿಶಿನ, ತೊಗರಿಬೇಳೆ, ಹಳದಿ ಇದ್ದದ್ದೆಲ್ಲ ಬಂದ್.

ರಜೆಯ ತಾರೀಖು ಬರೆ.

ನಿನ್ನ ಅಪ್ಪ
ಬಸವಣಪ್ಪ


ಹೈದರಾಬಾದು
೧ ಜುಲೈ ೧೯೭೮

ಅಪ್ಪಾ,

ನಿಮ್ಮ ಅಡತಿಯ ಲೆಕ್ಕ ಸರಿಯಾಗಿದೆ, ತಿದ್ದುವುದೇನೂ ಇಲ್ಲ. ನಮ್ಮ ಮೇಡಂಗೆ ಓದಿ ತಿಳಿಸಿದೆ. ಅವರು ನಕ್ಕು, ನಿಮ್ಮ ತಂದೆಯನ್ನೇ ಲ್ಯಾಬಿಗೆ ಸೇರಿಸಬೇಕಿತ್ತು ಅಂದರು.

ಸಣ್ಣ ಭಾಗಮ್ಮನ ವಿಷಯ ಓದಿ ಕೂತಲ್ಲಿ ಕೂಡಲಾಗಲಿಲ್ಲ. ಅಕ್ಕನನ್ನು ಕೇಳಿ ತಿಳಿಸಿರಿ: ಹಳದಿ ಹುಟ್ಟಿದಾಗಿನಿಂದಲೂ ಬಂದು ಹೋಗಿ ಮಾಡುತ್ತಿದೆಯೇ? ಎಡಪಕ್ಕೆಯ ಕೆಳಗೆ ಗಟ್ಟಿಯಾಗಿ ಏನಾದರೂ ಕೈಗೆ ಹತ್ತುತ್ತದೆಯೇ? ಅದು ತಿಲ್ಲಿ, ಪುಸ್ತಕದ ಮಾತಿನಲ್ಲಿ ಗುಲ್ಮ. ಆಡುವಾಗ ಬೇಗ ಕುಸಿದು ಕೂರುತ್ತಾಳೆಯೇ?

ಯಾಕೆ ಕೇಳುತ್ತೇನೆಂದರೆ, ರಕ್ತದ ಕೆಂಪು ಕಣಕ್ಕೆ ಬೇರೆ ಒಲೆ ಇಲ್ಲ. ಸಕ್ಕರೆಯನ್ನು ಮುರಿಯುತ್ತ ಹೋಗಿಯೇ ಅದು ಬದುಕಬೇಕು. ಮಾಳಿಗೆಗೆ ಮಣ್ಣು ಹಾಕುವಾಗ ಸಾಲಾಗಿ ನಿಂತು ಬುಟ್ಟಿ ದಾಟಿಸುತ್ತಾರಲ್ಲ, ಹಾಗೆ ಕೈಯಿಂದ ಕೈಗೆ ಕೆಲಸ. ಸಾಲಿನ ಕೊನೆಯಲ್ಲಿ ನಿಂತು ಫಾಸ್ಫೇಟನ್ನು ದಾಟಿಸಿ ಎಟಿಪಿ ಮಾಡಿಕೊಡುವವನು ಪೈರುವೇಟ್ ಕೈನೇಸ್. ಅವನ ಕೈ ಸೋತರೆ ಕಣ ಬಾಡುತ್ತದೆ. ಬಾಡಿದ್ದನ್ನು ತಿಲ್ಲಿ ಹಿಡಿದು ಒಡೆಯುತ್ತದೆ. ಒಡೆದ ಕಣದ ಬಣ್ಣವೇ ಕಣ್ಣಿಗೆ ಏರುವ ಹಳದಿ. ಹಾಗಿದ್ದರೆ ಅರಿಶಿನ ಬಿಟ್ಟು ಉಪಯೋಗವಿಲ್ಲ, ಕೊಡಂಬಲದ ಔಷಧದಿಂದಲೂ ಇಲ್ಲ.

ಪುಡಿ ಹಾಕಿದ ಸಣ್ಣ ಬಾಟಲಿಗಳನ್ನು ಕಳಿಸಿದ್ದೇನೆ. ಅದರಲ್ಲಿ ಹಾಕಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಕೂಸಿನದು, ಅಕ್ಕನದು, ದೊಡ್ಡ ಮಾಮಾನದು ಬೇರೆ ಬೇರೆ ಬೇಕು. ಬರ್ಫದ ಮೇಲೆ ಇಟ್ಟು ಅದೇ ದಿನ ಇಲ್ಲಿಗೆ ಮುಟ್ಟಬೇಕು.

ನಿಮ್ಮ ಕಸ್ತೂರಿ


ಹುಮನಾಬಾದು
೨೦ ಜುಲೈ ೧೯೭೮

ಕಸ್ತೂರಿ, ನಿನಗೆ ಒಳ್ಳೆಯದಾಗಲಿ.

ನೀನು ಕೇಳಿದ್ದಕ್ಕೆಲ್ಲ ಶಕುಂತಲಾ ಹೌದು ಅಂದಳು. ಅಲ್ಲೇ ಕೂತು ನೋಡುತ್ತಿದ್ದವಳ ಹಾಗೆ ಹೇಗೆ ಕೇಳಿದಳು ಎಂದು ಬೆರಗಾದಳು.

ಇದನ್ನು ಬಸ್ ಸ್ಟ್ಯಾಂಡಿನ ಎದುರು ವೈಜಿನಾಥನ ಸೋಡಾ-ಬರ್ಫದ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮೊನ್ನೆ ಬೆಳಿಗ್ಗೆ ಕಂಪೌಂಡರ್ ಸಿರಾಜುದ್ದೀನ್ ಬಂದ. ಸೂಜಿ ಹಿಡಿದು, ‘ಬೇಟಿ, ಇರಿವಿ ಕಚ್ಚಿದಂಗ ಆಗತದ, ಬಸ್’ ಅಂದ. ಸಣ್ಣ ಭಾಗಮ್ಮ ಸೂಜಿಯನ್ನು ನೋಡಿ, ‘ಇಷ್ಟುದ್ದ ಇರಿವಿ ನಿಮ್ಮ ಮನ್ಯಾಗ ಇರತಾವೇನು ಚಾಚಾ?’ ಎಂದು ಕೇಳಿತು. ಅವನು ಸೂಜಿ ಕೆಳಗಿಟ್ಟು ನಕ್ಕ. ಕೂಸು ಅಳಲಿಲ್ಲ. ಮಹಾರುದ್ರಪ್ಪ ಮಾತ್ರ ತನ್ನ ಸರದಿ ಬಂದಾಗ ಮುಖ ಆಚೆ ತಿರುಗಿಸಿ ದೇವರ ಹೆಸರು ಹೇಳಿದ.

ಥರ್ಮಾಸಿಗೆ ಬರ್ಫ ತುಂಬಿದ ವೈಜಿನಾಥ ಅದನ್ನು ಯಾರ ಕೈಗೂ ಕೊಡಲಿಲ್ಲ. ‘ಬರ್ಫ ನಂದು, ರಕ್ತ ನಮ್ಮ ಮನಿದು. ಕಂಡಕ್ಟರ್ ಕೈಯಾಗ ಯಾಕ ಕೊಡಬೇಕ್ರಿ ಭಾವಾರ? ನಾನೇ ಒಯ್ತೀನಿ.’

‘ರಕ್ತ ಒಯ್ಯಾಕತ್ತೀಯೋ, ಹೆಣ್ಣು ನೋಡಾಕ ಹೊಂಟೀಯೋ?’ ಅಂದೆ.

‘ಎರಡೂ ಅಂತ ಇಟಗೋರಿ’ ಎಂದು ಕಿವಿ ಕೆಂಪಗೆ ಮಾಡಿಕೊಂಡು ಬಸ್ ಏರಿದ. ಹೈದರಾಬಾದು ಬರುವ ತನಕ ಥರ್ಮಾಸನ್ನು ತೊಡೆ ಮೇಲಿಂದ ಇಳಿಸಲಿಲ್ಲವಂತೆ.

ಮರುದಿನ ಬಂದವನನ್ನು ಕೇಳಿದೆ, ಏನಂದಳು? ‘ನನ್ನ ಮಾರಿ ನೋಡೇ ಇಲ್ರಿ. ಬಿಳಿ ಕೋಟಿನಾಗ ಬಂದು ಥರ್ಮಾಸ್ ಕಸಗೊಂಡು ಒಳಗ ಹೋದಳು. ಹೊಳ್ಳಿ ಬಂದು, ಬರ್ಫ ಕರಗಿಲ್ಲ, ಶಾಬಾಸ್ ಮಾಮಾ ಅಂದಳು.’ ಆ ಶಾಬಾಸನ್ನು ಅವನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಾನೆ. ನನಗೆ ಅದು ಪೂರಾ ಸಮಾಧಾನ ಕೊಡಲಿಲ್ಲ. ಯಾಕೆಂದು ಬರೆಯಲಾರೆ.

ಒಳ್ಳೆ ಹುಡುಗ ಕಸ್ತೂರಿ. ಇಷ್ಟು ಹೇಳಬಲ್ಲೆ.

ಅಪ್ಪ


ಬಸವಕಲ್ಯಾಣ
೧೬ ಆಗಸ್ಟ್ ೧೯೭೮

ಚಿ. ಕಸ್ತೂರಿಗೆ,

ನಿನ್ನ ತಾರು ಬಂತು. ‘ನಾರ್ಮಲ್.’ ಇಂಗ್ಲಿಷಿನಲ್ಲಿ ಇದಕ್ಕಿಂತ ಒಳ್ಳೆ ಶಬ್ದ ಇರಲಿಕ್ಕಿಲ್ಲ. ಗಂಜಿನಲ್ಲೆಲ್ಲ ಪೇಡೆ ಹಂಚಿದೆ. ‘ಏನ್ ಖುಶಿರಿ?’ ಅಂದವರಿಗೆ, ನಮ್ಮ ಕೈನೇಸ್ ಪಾಸಾಯಿತು ಅಂದೆ. ಯಾವ ಕ್ಲಾಸು ಎಂದು ಒಬ್ಬ ಕೇಳಿದ.

ಸ್ವಾಮಿಗಳಿಂದ ಮುಹೂರ್ತವನ್ನೂ ತೆಗೆಸಿದ್ದೇನೆ, ಕಾರ್ತಿಕದಲ್ಲಿ ಒಳ್ಳೆ ದಿನ ಇದೆ.

ಒಂದೇ ಒಂದು ಮಾತು. ಕೈನೇಸ್ ನಾರ್ಮಲ್ ಇದ್ದರೆ ಕೂಸು ಯಾಕೆ ಮಾಳಿಗೆಯ ಮೆಟ್ಟಿಲು ಹತ್ತಲಾರದೆ ನಡುವೆ ಕೂತುಬಿಡುತ್ತದೆ? ನಿನ್ನೆ ಹುಮನಾಬಾದಿಗೆ ಹೋಗಿದ್ದಾಗ, ನಾನು ನೋಡುತ್ತಿದ್ದೇನೆಂದು ಗೊತ್ತಾಗಿ, ‘ಅಜ್ಜಾ, ಇಲ್ಲಿಂದ ಮಾವಿನಗಿಡ ಛಲೋ ಕಾಣಸ್ತದ, ಅದಕ್ಕ ಕುಂತೀನಿ’ ಎಂದಿತು. ಅಲ್ಲಿಂದ ಯಾವ ಗಿಡವೂ ಕಾಣುವುದಿಲ್ಲ.

ಅಪ್ಪ


ಹೈದರಾಬಾದು
೫ ಸೆಪ್ಟೆಂಬರ್ ೧೯೭೮

ಅಪ್ಪಾ,

ನಾನು ಕಳಿಸಿದ ತಾರು ತಪ್ಪು. ನಿಮ್ಮ ಪತ್ರದ ಮೆಟ್ಟಿಲಿನ ಮಾತು ಓದಿದ ಮೇಲೆ, ಮತ್ತೆ ರಕ್ತ ತರಿಸಿ ಮೊದಲಿನಿಂದ ನೋಡಿದೆ. ರಕ್ತದಲ್ಲಿ ಬಿಳಿ ಕಣಗಳೂ ಇರುತ್ತವೆ. ಅವುಗಳ ಒಳಗೆ ಅವುಗಳದೇ ಕೈನೇಸ್ ಬೇಕಾದಷ್ಟು ಇರುತ್ತದೆ. ನಾನು ಅವುಗಳನ್ನು ಪೂರ್ತಿ ಸೋಸಿ ತೆಗೆದಿರಲಿಲ್ಲ. ಬಿಳಿಯ ಕೈನೇಸೇ ಕೆಂಪಿನದೆಂದು ಲೆಕ್ಕಕ್ಕೆ ಬಂದು, ಕೊರತೆ ಮುಚ್ಚಿಹೋಗಿತ್ತು. ಈ ಸಲ ಸೋಸಿ ಅಳೆದೆ. ಮೇಡಂ ಪಕ್ಕದಲ್ಲೇ ನಿಂತಿದ್ದರು. ಸಣ್ಣ ಭಾಗಮ್ಮನಲ್ಲಿ ಪೈರುವೇಟ್ ಕೈನೇಸ್ ತೀರ ಕಡಿಮೆ. ಅಕ್ಕನದು ಅರ್ಧ. ದೊಡ್ಡ ಮಾಮಾನದೂ ಅರ್ಧ.

ಅರ್ಧ ಇದ್ದವರಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು ಕೆಟ್ಟ ಪಾಲು ಬಂದ ಕೂಸಿಗೆ ಮಾತ್ರ ಹೀಗೆ. ನಮ್ಮ ಕೂಸಿನ ತಂದೆ ಅವ್ವನ ತಮ್ಮ. ತಾಯಿ ಅವ್ವನ ಮಗಳು. ಎರಡೂ ಪಾಲು ಒಂದೇ ಮನೆಯಿಂದ, ಅವ್ವನ ತವರಿನಿಂದ ಬಂದಿವೆ.

ಕೂಸಿಗೆ ದಾರಿ ಇದೆ. ತಿಲ್ಲಿಯನ್ನು ತೆಗೆದರೆ ಕಣಗಳು ಇಷ್ಟು ಬೇಗ ಒಡೆಯುವುದಿಲ್ಲ, ಮೈ ಹಿಡಿಯುತ್ತಾಳೆ. ಇಲ್ಲಿನ ಡಾಕ್ಟರರ ಜೊತೆ ಮಾತಾಡಿದ್ದೇನೆ.

ಅಪ್ಪಾ, ಮುಹೂರ್ತ ಇನ್ನೂ ಇಡಬೇಡಿರಿ. ಅದಕ್ಕೂ ಮೊದಲು ನನ್ನ ರಕ್ತವನ್ನೂ ವೈಜಿನಾಥ ಮಾಮಾನ ರಕ್ತವನ್ನೂ ನೋಡಬೇಕು. ಇಬ್ಬರದೂ ಅರ್ಧವಾಗಿದ್ದರೆ ಇನ್ನೊಂದು ಕೂಸು ಮೆಟ್ಟಿಲ ನಡುವೆ ಕೂರಬಹುದು.

ಕಸ್ತೂರಿ


ಬಸವಕಲ್ಯಾಣ
೩ ಡಿಸೆಂಬರ್ ೧೯೭೮

ಕಸ್ತೂರಿಗೆ,

ಇಷ್ಟು ದಿನ ಬರೆಯಲಿಲ್ಲ. ಟಪಾಲಿನವರದು ತಪ್ಪಿಲ್ಲ. ದೀಪಾವಳಿ ಹೋಯಿತು, ತೆಗೆಸಿದ ಮುಹೂರ್ತವೂ ಹೋಯಿತು.

‘ಅವ್ವನ ತವರಿನಿಂದ ಬಂದಿವೆ.’ ಈ ಸಾಲಿನ ಮುಂದೆ ನನಗೆ ಓದಲಾಗಲಿಲ್ಲ. ನಿನ್ನ ಅವ್ವ ತವರಿನಿಂದ ಏನೇನು ತಂದಳೆಂದು ನಾನು ನೋಡಿದವನು. ಹಸಿದು ಬಂದವರಿಗೆ ತನ್ನ ತಾಟಿನ ರೊಟ್ಟಿ ಎತ್ತಿಕೊಟ್ಟು, ‘ನಂದಾಗ್ಯದ’ ಎಂದು ಸುಳ್ಳು ಹೇಳುವ ಕೈ ತಂದಿದ್ದಳು. ಅಂಥವಳು ಗೊತ್ತಿಲ್ಲದೆ ಇದನ್ನೂ ತಂದಳೇ, ಮಗಳ ಕೈಗೆ ಕೊಟ್ಟಳೇ ಎಂದು ನನಗೆ ಸಂಕಟವಾಯಿತು. ಸಂಕಟ ಸಿಟ್ಟಾಗುವುದು ಎಷ್ಟು ಹೊತ್ತು? ಹುಮನಾಬಾದಿಗೆ ಹೋದಾಗ ಶಕುಂತಲಾನ ಮುಂದೆ, ‘ಮದುವಿ ಒಲ್ಲದ ಹುಡುಗಿ ಕೈನೇಸ್ ಅಡ್ಡ ಹಿಡದಾಳ’ ಅಂದುಬಿಟ್ಟೆ.

ನಿನ್ನ ಅಕ್ಕ ರೊಟ್ಟಿ ಬಡಿಯುವುದು ನಿಲ್ಲಿಸಿದಳು. ‘ಅಪ್ಪಾ, ನನ್ನ ಕೂಸಿನ ಕಣ್ಣಿಗಿ ಹಳದಿ ಆಕಿ ಹಚ್ಚ್ಯಾಳೇನ್ರಿ?’

ಹೊರಗೆ ಕಟ್ಟೆ ಮೇಲೆ ಕೂತಿದ್ದ ವೈಜಿನಾಥ ಎಲ್ಲ ಕೇಳಿಸಿಕೊಂಡಿದ್ದ. ಒಳಗೆ ಬಂದು ಅಂಗಿಯ ತೋಳು ಮಡಚಿದ. ‘ಸಿರಾಜುದ್ದೀನ್ ಚಾಚಾಗ ಕರೀರಿ. ಮದುವಿ ಆಗೂದಿದ್ರೂ ನೋಡ್ಲಿ, ಆಗೂದಿಲ್ಲಂದ್ರೂ ನೋಡ್ಲಿ.’ ಬರುವ ವಾರ ಅವನ ರಕ್ತ ತೆಗೆದ ದಿನವೇ ಬಾಟಲಿ ನಿನಗೆ ಮುಟ್ಟುತ್ತದೆ. ತರುವವನೂ ಅವನೇ.

ಕೂಸಿನ ತಿಲ್ಲಿಯ ವಿಷಯ ಡಾಕ್ಟರರು ಹೇಳಿದಂತೆ ಆಗಲಿ. ಮಹಾರುದ್ರಪ್ಪ ಒಪ್ಪಿದ್ದಾನೆ.

ಒಂದು ಮಾತು ಬರೆಯದೆ ಮುಗಿಸಲಾರೆ. ಸಿಟ್ಟಿನಲ್ಲಿದ್ದಾಗಲೂ ನಿನ್ನ ಕೈನೇಸ್ ತಲೆಯಿಂದ ಹೋಗಲಿಲ್ಲ. ಲಾಲಪ್ಪ ಪೆಂಟೆ ಎತ್ತುವಾಗ ಅವನ ತೋಳು ನೋಡುತ್ತೇನೆ: ಅಲ್ಲಿ ಈಗ ಎಷ್ಟು ಕೈಗಳು ಎಷ್ಟು ಕೈಗಳಿಗೆ ದಾಟಿಸುತ್ತಿರಬೇಕು! ಸದ್ದಿಲ್ಲ, ಜಗಳವಿಲ್ಲ, ಬಾಕಿ ಇಲ್ಲ. ನಮ್ಮ ಕೂಸಿನೊಳಗೆ ಆ ಸೋತ ಕೈಯೂ ಆದಷ್ಟು ದಾಟಿಸುತ್ತಲೇ ಇದೆಯಲ್ಲ, ಅದಕ್ಕೇ ಅದು ಮಾವಿನಗಿಡದ ಸುಳ್ಳು ಹೇಳುವಷ್ಟಾದರೂ ಗಟ್ಟಿಯಿದೆ. ಇಂಥದನ್ನು ಕಂಡುಹಿಡಿಯುವ ಮಗಳ ಮೇಲೆ ಪೂರಾ ಸಿಟ್ಟಾಗುವುದು ನನ್ನಿಂದ ಆಗಲಿಲ್ಲ.

ಅಪ್ಪ


ಹೈದರಾಬಾದು
೧೮ ಜನವರಿ ೧೯೭೯

ಅಪ್ಪಾ,

ಬಿಳಿ ಕಣಗಳನ್ನು ಸೋಸಿಯೇ ನೋಡಿದ್ದೇನೆ. ನನ್ನದನ್ನು ನಾನು ನೋಡಬಾರದೆಂದು ಮೇಡಂ ಕೈಯಲ್ಲಿ ಮಾಡಿಸಿದೆ.

ವೈಜಿನಾಥ ಮಾಮಾನದು ಅರ್ಧ. ನನ್ನದು ಪೂರಾ.

ಅವ್ವನ ಕೆಟ್ಟ ಪಾಲು ಅಕ್ಕನಿಗೆ ಹೋಯಿತು, ನನಗೆ ಬರಲಿಲ್ಲ. ಆದ್ದರಿಂದ ನಮ್ಮ ಮದುವೆಯಾದರೆ ಮಕ್ಕಳಿಗೆ ಈ ರೋಗ ಬರುವ ಭಯ ಇಲ್ಲ. ಕಂಡದ್ದನ್ನು ಕಂಡ ಹಾಗೇ ಬರೆದಿದ್ದೇನೆ.

ಮುಹೂರ್ತ ನಿಮಗೆ ಬಿಟ್ಟದ್ದು.

ಕಸ್ತೂರಿ


ಬಸವಕಲ್ಯಾಣ
೨ ಫೆಬ್ರವರಿ ೧೯೭೯

ನನ್ನ ಮಗಳೇ,

ನಿನ್ನ ಪತ್ರ ಸಣ್ಣದು. ಕೈನೇಸ್ ಬಗ್ಗೆ ಹಾಳೆ ತುಂಬಿಸುವವಳು ಮದುವೆಯ ಬಗ್ಗೆ ಒಂದೇ ಸಾಲು ಬರೆದಿದ್ದೀ.

ಮೊದಲು ಖುಶಿಯಾಯಿತು, ಸುಳ್ಳು ಹೇಳಲಾರೆ. ಭಾಗಮ್ಮನ ಫೋಟೋದ ಮುಂದೆ ಊದಿನಕಡ್ಡಿ ಹಚ್ಚಿ, ‘ನಿನ್ನ ಮಾತು ಉಳೀತು ನೋಡು’ ಅಂದೆ. ಆಮೇಲೆ ಪತ್ರ ಮತ್ತೆ ತೆಗೆದೆ. ‘ಕಂಡದ್ದನ್ನು ಕಂಡ ಹಾಗೇ.’ ನಿನ್ನದೂ ಅರ್ಧ ಎಂದು ಬರೆದಿದ್ದರೆ ಇಲ್ಲಿ ಯಾರು ಪರೀಕ್ಷೆ ಮಾಡುವವರಿದ್ದರು? ನಾನೇ? ಹೋಪ್ ತನಕ ಇಂಗ್ಲಿಷ್ ಬರುವ ಬೆಲ್ಲದ ಅಡತ್ಯಾ? ಒಂದು ಶಬ್ದ ಬದಲು ಮಾಡಿದ್ದರೆ ನೀನು ಈ ಮದುವೆಯಿಂದ ಪಾರಾಗುತ್ತಿದ್ದೆ. ಮಾಡಲಿಲ್ಲ. ಶಾಬಾಸ್ ಎಂದು ವೈಜಿನಾಥನಿಗೆ ನೀನು ಅಂದೆಯಂತೆ. ಅದಕ್ಕಿಂತ ದೊಡ್ಡ ಶಬ್ದ ನನಗೆ ಬೇಕಿತ್ತು, ಸಿಗಲಿಲ್ಲ.

ಪತ್ರ ತಗೊಂಡು ಹುಮನಾಬಾದಿಗೆ ಹೋದೆ. ಓದಿ ಹೇಳಿದೆ. ಮಹಾರುದ್ರಪ್ಪ ಎದ್ದು ನಿಂತು, ‘ಅಕ್ಕನ ಪುಣ್ಯ. ಇನ್ನ ತಡ ಯಾಕ್ರಿ?’ ಅಂದ. ವೈಜಿನಾಥ ಬರ್ಫ ಒಡೆಯುತ್ತಿದ್ದ. ಅದು ಚೂರು ಚೂರಾದರೂ ನಿಲ್ಲಿಸಲಿಲ್ಲ. ಆಮೇಲೆ ತಲೆ ಎತ್ತದೆ ಅಂದ:

‘ರಕ್ತ ಏನೋ ಹೂಂ ಅಂತು. ಆಕಿ ಏನಂತಾಳ ಕೇಳ್ರಿ, ಭಾವಾರ.’

ಬಸ್ಸಿನಲ್ಲಿ ಬರುವಾಗ ಅದೇ ಕಿವಿಯಲ್ಲಿತ್ತು. ನಿನ್ನ ಅವ್ವ ನನ್ನನ್ನು ಕೇಳಿದಳು, ನಾನು ಹೂಂ ಅಂದೆ. ನೀನು ನೀರಿನ ಗ್ಲಾಸು ಹಿಡಿದು ನಿಂತಿದ್ದೆ ಎಂದು ಹಿಂದೆ ಬರೆದಿದ್ದೆನಲ್ಲ. ಆ ನೀರನ್ನು ಯಾರು ಕುಡಿದರೋ ನೆನಪಿಲ್ಲ.

ಇದರ ಜೊತೆ ಜವಾಬಿ ಕಾರ್ಡು ಇಟ್ಟಿದ್ದೇನೆ. ನನ್ನ ವಿಳಾಸ ನಾನೇ ಬರೆದಿದ್ದೇನೆ. ಕಾರಣ ಬರೆಯಬೇಡ, ಕೈನೇಸ್ ಬರೆಯಬೇಡ. ನಿನ್ನ ಮನಸ್ಸಿನಲ್ಲಿ ಏನಿದೆ, ಅಷ್ಟು ಬರೆ.

ಅಪ್ಪ


ಹೈದರಾಬಾದು
೮ ಫೆಬ್ರವರಿ ೧೯೭೯

ಒಲ್ಲೆ, ಅಪ್ಪಾ.

ಕ.


ಬಸವಕಲ್ಯಾಣ
೨೦ ಫೆಬ್ರವರಿ ೧೯೭೯

ಚಿ. ಕಸ್ತೂರಿಗೆ ಅಪ್ಪನ ಶರಣು.

ಕಾರ್ಡು ಬಂದ ದಿನವೇ ಹುಮನಾಬಾದಿನ ಬಸ್ ಹಿಡಿದೆ. ಇಂಥ ಮಾತನ್ನು ಟಪಾಲಿನವನ ಕೈಗೆ ಕೊಡಬಾರದು ಎಂದು ವೈಜಿನಾಥನಿಂದಲೇ ಕಲಿತದ್ದು.

ಮಹಾರುದ್ರಪ್ಪ ಕೂಗಾಡಿದ. ‘ಸಾಯೂ ಮುಂದ ಅಕ್ಕ ಹೇಳಿದ ಮಾತು ಏನಾತ್ರಿ?’

‘ಮಾತು ಕೊಟ್ಟಾವ ನಾನು. ಆಕೀನ್ನ ಕೇಳಲಾರದ ಕೊಟ್ಟೆ. ಬೈಯೂದಿದ್ರ ನನಗ ಬೈ’ ಅಂದೆ. ಬೈದ. ಬೈಸಿಕೊಂಡೆ. ಶಕುಂತಲಾ ನಡುವೆ ಚಹಾ ತಂದು ಇಟ್ಟಳು, ಅವನ ಕಪ್ಪಿಗೆ ಸಕ್ಕರೆ ಹಾಕಿರಲಿಲ್ಲ. ಹೆಂಡತಿಯ ಸಿಟ್ಟು ಅವನಿಗೆ ಅರ್ಥವಾಯಿತು, ದನಿ ಇಳಿಸಿದ.

ವೈಜಿನಾಥ ಬಸ್ ಸ್ಟ್ಯಾಂಡಿನ ತನಕ ಬಂದ. ಬಸ್ ಬಿಡುವ ಹೊತ್ತಿಗೆ ಕಿಟಕಿ ಹಿಡಿದು, ‘ನನಗ ಅವತ್ತೇ ಗೊತ್ತಾಗಿತ್ತು ಬಿಡ್ರಿ ಭಾವಾರ. ಹೆಂಡ್ತಿ ಆಗಾಕಿ ಗಂಡಗ ಶಾಬಾಸ್ ಅಂತಾಳೇನ್ರಿ?’ ಎಂದು ನಕ್ಕ. ನಕ್ಕದ್ದು ನಿಜ, ಆದರೆ ಕಿಟಕಿಯ ಸರಳು ಬಿಡಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ‘ಕೂಸಿನ ಆಪರೇಷನ್ನಿಗೆ ನಾನೇ ಕರಕೊಂಡು ಬರತೀನಿ ಅಂತ ಹೇಳ್ರಿ. ಮಾಮಾ ಮಾಮಾನೇ ಇರತಾನ.’

ನೀನು ಓದು. ಎಷ್ಟು ಓದಬೇಕೋ ಅಷ್ಟು ಓದು.

ಅಪ್ಪ


ಹುಮನಾಬಾದು
೪ ಮೇ ೧೯೮೦

ಮೈ ಡಿಯರ್ ಡಾಟರ್,

ಐ ಯಾಮ್ ಕ್ವೈಟ್ ವೆಲ್ ಅಂಡ್ ಹೋಪ್ ಟು ಹಿಯರ್ ದಿ ಸೇಮ್ ಫ್ರಮ್ ಯು. ನೆನಪಾಯಿತು ನೋಡು! ನಿನ್ನೆ ಬಸ್ಸಿನಲ್ಲಿ, ಇದ್ದಕ್ಕಿದ್ದ ಹಾಗೆ.

ವೈಜಿನಾಥನ ಮದುವೆ ೧೨ನೇ ತಾರೀಖು, ಸೋಮವಾರ. ಹುಡುಗಿ ನಾರಾಯಣಪುರದವಳು, ಯಶೋದಾ ಎಂದು. ನಮಗೆ ಯಾವ ಕಡೆಯಿಂದಲೂ ಸಂಬಂಧವಿಲ್ಲದ ಮನೆ. ಇದನ್ನೇ ದೊಡ್ಡ ಗುಣವೆಂಬಂತೆ ಮಹಾರುದ್ರಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ‘ಪೈರುವೇಟ್’ ಎಂದು ಕೂಡ ಅನ್ನುತ್ತಾನೆ, ಕೇಳಿದವರು ಹೆದರುತ್ತಾರೆ. ನೀನು ಬರಲೇಬೇಕು. ಬರ್ಫ ಕರಗದಂತೆ ನೋಡಿಕೊಳ್ಳುವವರು ಈ ಸಲ ಯಾರೂ ಇಲ್ಲ ಎಂದು ಮದುಮಗನೇ ಹೇಳಿಕಳಿಸಿದ್ದಾನೆ.

ಇವತ್ತು ಮನೆಯಲ್ಲಿ ಅರಿಶಿನ ಕುಟ್ಟಿದರು. ಸಣ್ಣ ಭಾಗಮ್ಮ ಆಪರೇಷನ್ ಆದ ಮೇಲೆ ಮೈ ಹಿಡಿದಿದ್ದಾಳೆ, ಹಟ ಇನ್ನೂ ಹೆಚ್ಚಾಗಿದೆ. ಬೇಡವೆಂದರೂ ಒರಳಿನ ಹತ್ತಿರ ಕೂತಳು. ಮೊಣಕೈ ತನಕ ಹಳದಿ, ಕೆನ್ನೆ ಹಳದಿ. ಶಕುಂತಲಾ ಅದನ್ನು ನೋಡಿ ಒಂದು ಕ್ಷಣ ಬೆಚ್ಚಿದಳು, ನಾನೂ ಬೆಚ್ಚಿದೆ. ಇಷ್ಟು ವರ್ಷದ ರೂಢಿ. ‘ಏ ಹುಚ್ಚಿ, ಬಾ ಇಲ್ಲಿ’ ಎಂದು ಅವಳನ್ನು ಹಿತ್ತಲಿಗೆ ಎಳೆದೊಯ್ದು ಕೈಗೆ ನೀರು ಹಾಕಿದಳು. ಮಾಳಿಗೆಯ ಮೆಟ್ಟಿಲ ಮೇಲೆ ಕೂತು ನಾನು ನೋಡುತ್ತಿದ್ದೆ.

ಹಳದಿ ತೊಳೆದು ಹೋಯಿತು ಕಸ್ತೂರಿ.

ಕೂಸು ನನ್ನನ್ನು ದಾಟಿ ಮಾಳಿಗೆಗೆ ಓಡಿತು.

ನಿನ್ನ ಅಪ್ಪ
ಬಸವಣಪ್ಪ